ಮಾರುವ ಗಾಡಿಯೋ, ಇಟ್ಟುಕೊಳ್ಳುವ ಗಾಡಿಯೋ?

ನಿಮ್ಮ ಮನೆಯಲ್ಲಿ ಹಳೆಯದೊಂದು ಕಾರು ಇದ್ದು, ಅದರ ಮೈಗೆ ಎಂದಾದರೂ ಪೆಟ್ಟು ಬಿದ್ದಿದ್ದರೆ, ಟಿಂಕರಿಂಗ್ ಮಿಸ್ತ್ರಿಯ ಬಳಿ ನೀವು ಹೋಗಿಯೇ ಇರುತ್ತೀರಿ. ಆತ ಗಾಡಿಯನ್ನು ಒಂದು ಸುತ್ತು ಹಾಕಿ ನೋಡುತ್ತಾನೆ. ತಗ್ಗಾದ ಜಾಗವನ್ನು ಅಂಗೈಯಿಂದ ಸವರುತ್ತಾನೆ. ಬೆರಳ ಗಂಟಿನಿಂದ ಒಂದೆರಡು ಸಲ ಬಡಿದು ಸದ್ದು ಕೇಳುತ್ತಾನೆ. ಆಮೇಲೆ ನಮ್ಮ ವಿಜಯಪುರದ ಕಡೆಯವನಾದರೆ ಹೀಗೆ ಕೇಳುತ್ತಾನೆ: “ಸಾಹೇಬ್ರ, ಗಾಡಿ ಮಾರಾವ್ರದೀರೋ, ಇಟ್ಕೊಳ್ಳಾವ್ರದೀರೋ?”

ಆತ ಕೇಳುವುದು ಖರ್ಚಿನ ಲೆಕ್ಕಕ್ಕಾಗಿ. ಆದರೆ ಆ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಒಂದೇ ಗಾಡಿ, ಒಂದೇ ಪೆಟ್ಟು. ಅದನ್ನು ನಾವೇ ಓಡಿಸುವುದಾದರೆ ಒಂದು ತರಹದ ಕೆಲಸ, ಬೇರೆಯವರು ಓಡಿಸುವುದಾದರೆ ಇನ್ನೊಂದು ತರಹದ ಕೆಲಸ. ಹೀಗೇಕೆ? ಗಾಡಿಯೊಳಗೆ ಕೂರುವವರು ಬದಲಾದ ಮಾತ್ರಕ್ಕೆ ನಮ್ಮ ಹೊಣೆ ಬದಲಾಗುತ್ತದೆಯೇ? ಈ ವಾರ ಇದನ್ನು ನಾವು ನೀವು ಕೂಡಿ ಸ್ವಲ್ಪ ಯೋಚಿಸೋಣ.

ಭೂತನಾಳ, ತಿಕೋಟಾ, ಬಬಲೇಶ್ವರದ ಕಡೆ ಓಡಾಡುವವರಿಗೆ ಗಾಡಿಯ ಮೈಗೆ ಪೆಟ್ಟು ಹೇಗೆ ಬೀಳುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರಿನ ಟ್ರೇಲರು ತಿರುವಿನಲ್ಲಿ ಒರೆಸಿಕೊಂಡು ಹೋಗುತ್ತದೆ. ದ್ರಾಕ್ಷಿ ತೋಟದ ಇಕ್ಕಟ್ಟು ದಾರಿಯಲ್ಲಿ ಕಲ್ಲಿನ ಕಂಬ ಬಾಗಿಲಿಗೆ ತಾಗುತ್ತದೆ. ಸಂತೆಯ ದಿನ ಯಾರದೋ ಬೈಕಿನ ಹ್ಯಾಂಡಲು ಮಡ್ಗಾರ್ಡಿಗೆ ಗುದ್ದುತ್ತದೆ. ಅಂಬಾಸಿಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಹಾಗೆಂದು ಇಂಥ ಗಾಡಿಗಳ ಬಾಳು ಅಂದೇ ಮುಗಿಯಲಿಲ್ಲ. ಹಳೆಯ ಗಾಡಿಗಳು ಕೈಯಿಂದ ಕೈಗೆ, ದೊಡ್ಡ ಊರಿನಿಂದ ಸಣ್ಣ ಊರಿಗೆ, ಅಲ್ಲಿಂದ ಹಳ್ಳಿಗೆ ದಾಟುತ್ತಲೇ ಇರುತ್ತವೆ. ಪ್ರತಿಯೊಂದು ದಾಟಿನಲ್ಲೂ ಒಬ್ಬರು ಮಾರುತ್ತಾರೆ, ಇನ್ನೊಬ್ಬರು ನಂಬಿ ಕೊಳ್ಳುತ್ತಾರೆ.

ಮೊದಲು ಮಿಸ್ತ್ರಿಯ ಕೆಲಸವನ್ನು ನ್ಯಾಯವಾಗಿ ತಿಳಿದುಕೊಳ್ಳೋಣ. ಕಾರಿನ ಮೈಯ ಉಕ್ಕಿನ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತಲೂ ತೆಳುವು. ಪೆಟ್ಟು ಬಿದ್ದಾಗ ಅದು ಬಾಗುವುದಷ್ಟೇ ಅಲ್ಲ, ಕೆಲವು ಕಡೆ ಹಿಗ್ಗಿಬಿಡುತ್ತದೆ. ಒಳ್ಳೆಯ ಕೆಲಸಗಾರ ಒಳಗಿನ ಹೊದಿಕೆ ಬಿಚ್ಚಿ ತಗಡಿನ ಹಿಂದಕ್ಕೆ ಹೋಗುತ್ತಾನೆ. ಒಂದು ಕಡೆ ಉಕ್ಕಿನ ಡಾಲಿ ಹಿಡಿದು, ಇನ್ನೊಂದು ಕಡೆಯಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯುತ್ತಾನೆ. ಆಳವಾದ ಜಾಗಕ್ಕೆ ನೇರವಾಗಿ ಕೈ ಹಾಕುವುದಿಲ್ಲ. ಅಂಚಿನಿಂದ ಶುರುಮಾಡಿ ಪೆಟ್ಟು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಾನೆ. ಹಿಗ್ಗಿದ ಜಾಗವನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸುತ್ತಾನೆ. ಉಳಿದ ಸಣ್ಣ ಏರಿಳಿತಕ್ಕೆ ಮಾತ್ರ ಹಾರ್ಡನರ್ ಬೆರೆಸಿದ ಪುಟ್ಟಿಯನ್ನು ತೆಳ್ಳಗೆ ಎಳೆದು, ನೀರು ಹಾಕಿ ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಕೊಡುತ್ತಾನೆ. ಇದಕ್ಕೆ ದಿನಗಳು ಬೇಕು, ತಾಳ್ಮೆ ಬೇಕು, ಕೂಲಿಯೂ ಹೆಚ್ಚು.

ಇನ್ನೊಂದು ದಾರಿಯೂ ಇದೆ. ತಗ್ಗು ಇದ್ದ ಹಾಗೇ ಇರಲಿ, ಅದರ ಮೇಲೆ ಪುಟ್ಟಿ ತುಂಬಿ ಉಜ್ಜಿ ಬಣ್ಣ ಹೊಡೆದರಾಯಿತು. ತುಕ್ಕು ತಿಂದ ಜಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಬದಲು, ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿದರಾಯಿತು. ಸಂಜೆಯ ಹೊತ್ತಿಗೆ ಗಾಡಿ ಮದುವಣಗಿತ್ತಿಯಂತೆ ಹೊಳೆಯುತ್ತದೆ. ಆದರೆ ಪುಟ್ಟಿಯಡಿಯಲ್ಲಿ ತುಕ್ಕು ನಿಲ್ಲುವುದಿಲ್ಲ. ತೇವ ಒಳಸೇರಿದಂತೆಲ್ಲ ಅದು ತನ್ನ ಪಾಡಿಗೆ ತಿನ್ನುತ್ತಲೇ ಇರುತ್ತದೆ. ಮಳೆಗಾಲಗಳು ಕಳೆದಂತೆ ಬಣ್ಣದ ಮೇಲೆ ಗುಳ್ಳೆಗಳು ಏಳುತ್ತವೆ. ಅಷ್ಟರಲ್ಲಿ ಗಾಡಿ ಬೇರೆಯವರ ಅಂಗಳದಲ್ಲಿರುತ್ತದೆ.

ಪುಟ್ಟಿ ತಾನಾಗಿ ಕೆಟ್ಟದ್ದಲ್ಲ. ಅದು ಒಳ್ಳೆಯ ಆಳು. ಒಬ್ಬ ಬಡ ಶಿಕ್ಷಕರು ತಮ್ಮ ಕಾರಿನ ಬಾನೆಟ್ಟಿನ ತಗ್ಗನ್ನು ಕಡಿಮೆ ಖರ್ಚಿನಲ್ಲಿ ಪುಟ್ಟಿಯಿಂದಲೇ ಮುಚ್ಚಿಸಿಕೊಂಡರೆ ಅದರಲ್ಲಿ ಯಾರಿಗೂ ಅನ್ಯಾಯವಿಲ್ಲ. ಅದು ಅವರ ಗಾಡಿ, ಅವರ ಹಣ. ಒಳಗೆ ಏನಿದೆ ಎಂಬುದು ಅವರಿಗೆ ಗೊತ್ತು. ಹಾಗಾದರೆ ಪ್ರಶ್ನೆ ಏಳುವುದು ಪುಟ್ಟಿ ಹಚ್ಚುವಾಗಲ್ಲ. ಅದರ ಮೇಲಿನ ಹೊಳಪನ್ನು ತೋರಿಸಿ ಬೆಲೆ ಹೇಳುವಾಗ. ಕೊಳ್ಳಲು ಬಂದವರು ಗಾಡಿಯ ಸುತ್ತ ತಿರುಗುತ್ತಾರೆ, “ಚಲೋ ಇಟ್ಟೀರಿ” ಎನ್ನುತ್ತಾರೆ. ನಾವು ಸುಮ್ಮನೆ ನಗುತ್ತೇವೆ. ಸುಳ್ಳು ಹೇಳಿದೆವೇ? ಒಂದು ಮಾತೂ ಆಡಲಿಲ್ಲವಲ್ಲ!

ಈ ಸುಮ್ಮನಿರುವಿಕೆಯ ಬಗ್ಗೆ ನಮ್ಮ ದೇಶದ ಕಾನೂನೇ ಒಂದು ಸ್ವಾರಸ್ಯದ ಪಾಠ ಹೇಳುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಮೋಸ ಎಂದರೇನು ಎಂಬ ವಿವರಣೆಯಿದೆ. ಅಲ್ಲಿ ಕಾರಿನ ಬದಲು ಕುದುರೆಯ ಉದಾಹರಣೆ. ತನ್ನ ಕುದುರೆಗೆ ದೋಷವಿದೆ ಎಂದು ಗೊತ್ತಿದ್ದೂ ಒಬ್ಬನು ಹರಾಜಿನಲ್ಲಿ ಅದನ್ನು ಮಾರುತ್ತಾನೆ, ದೋಷದ ಬಗ್ಗೆ ಏನೂ ಹೇಳುವುದಿಲ್ಲ. ಬರೀ ಸುಮ್ಮನಿದ್ದದ್ದು ಮೋಸವಲ್ಲ ಎನ್ನುತ್ತದೆ ಕಾನೂನು. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಆತನ ಸ್ವಂತ ಮಗಳಾಗಿದ್ದರೆ? ಆಗ ದೋಷವನ್ನು ಹೇಳುವುದು ಆತನ ಕರ್ತವ್ಯ. ಕೊಳ್ಳುವವನು “ನೀವು ಅಲ್ಲ ಎನ್ನದಿದ್ದರೆ ಕುದುರೆ ಸರಿಯಿದೆ ಎಂದುಕೊಳ್ಳುತ್ತೇನೆ” ಎಂದು ಕೇಳಿದ್ದರೆ? ಆಗ ಮೌನವೇ ಮಾತಿಗೆ ಸಮ. ಅದೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ: ಗೊತ್ತಿರುವ ಸಂಗತಿಯನ್ನು ಮೋಸಗೊಳಿಸುವ ಉದ್ದೇಶದಿಂದ ಬೇಕೆಂದೇ ಬಚ್ಚಿಡುವುದು ಮೋಸ.

ಈಗ ಹೇಳಿ, ಮಾರುವ ಮುನ್ನಾ ವಾರ ತುಕ್ಕಿನ ಮೇಲೆ ಪುಟ್ಟಿ ಮೆತ್ತಿಸುವುದು ಬರೀ ಮೌನವೇ, ಬಚ್ಚಿಡುವುದೇ? ಕುದುರೆಯ ಮಾಲೀಕ ಸುಮ್ಮನಿದ್ದ, ಅಷ್ಟೇ. ಕುಂಟು ಕಾಲಿಗೆ ಬಣ್ಣ ಬಳಿಯಲಿಲ್ಲ. ನಾವು ಬಾಯಿಂದ ಹೇಳದ ಮಾತನ್ನು ಮಿಸ್ತ್ರಿಯ ಕೈಯಿಂದ ಹೇಳಿಸಿದೆವು. “ಈ ತಗಡು ಗಟ್ಟಿಯಾಗಿದೆ” ಎಂದು ಆ ಹೊಳೆಯುವ ಬಣ್ಣವೇ ಸಾರುತ್ತಿದೆ. ಅದು ಸುಳ್ಳು.

ಇನ್ನು ಆ ಮಗಳ ಉದಾಹರಣೆ. ನನಗೆ ಹೆಚ್ಚು ಕಾಡುವುದು ಅದೇ. ಮಗಳಿಗಾದರೆ ಹೇಳಬೇಕು, ಅಪರಿಚಿತನಿಗೆ ಬೇಕಿಲ್ಲ. ಕಾನೂನು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಎಳೆದಿದೆ. ನಮ್ಮ ಮನಸ್ಸಾಕ್ಷಿಯೂ ಅದೇ ಗೆರೆಯಲ್ಲಿ ನಿಂತುಬಿಡಬೇಕೇ? ಮಗಳಿಗೆ ನಾವು ಹೇಳುವುದು ಅವಳಿಗೆ ಅಪಾಯವಾಗಬಾರದೆಂದು. ತಿಕೋಟಾದ ಅಪರಿಚಿತನೂ ಯಾರದೋ ಮಗ. ಅವನ ಗಾಡಿಯ ಹಿಂದಿನ ಸೀಟಿನಲ್ಲೂ ಮಕ್ಕಳು ಕೂರುತ್ತಾರೆ. ಅಪಾಯ ಸಂಬಂಧ ನೋಡಿ ಬರುವುದಿಲ್ಲ.

ಈ ವಾದ ಇಂದು ನೆನ್ನೆಯದಲ್ಲ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ತನ್ನ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಡಯೋಜಿನೀಸ್ ಮತ್ತು ಆಂಟಿಪೇಟರ್ ಎಂಬ ಇಬ್ಬರು ಸ್ಟೋಯಿಕ್ ಚಿಂತಕರ ವಾದ ಬರುತ್ತದೆ. ಬರ ಬಿದ್ದ ರೋಡ್ಸ್ ದ್ವೀಪಕ್ಕೆ ಒಬ್ಬ ವ್ಯಾಪಾರಿ ಅಲೆಕ್ಸಾಂಡ್ರಿಯದಿಂದ ಹಡಗು ತುಂಬ ಧಾನ್ಯ ತರುತ್ತಾನೆ. ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿವೆ ಎಂಬುದು ಅವನಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಹೇಳಬೇಕೇ, ಬಾಯಿ ಮುಚ್ಚಿಕೊಂಡು ದುಬಾರಿ ಬೆಲೆಗೆ ಮಾರಬೇಕೇ? ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದು ಡಯೋಜಿನೀಸನ ವಾದ. ಮನುಷ್ಯ ಮನುಷ್ಯನಿಗೆ ಬೇಕಾದವನು, ಹೇಳಲೇಬೇಕು ಎಂದು ಆಂಟಿಪೇಟರನ ವಾದ. ಹಾವು ಹರಿದಾಡುವ, ಮರ ಲಡ್ಡಾದ ಮನೆಯನ್ನು ಗುಟ್ಟು ಬಿಡದೆ ಮಾರುವವನ ಉದಾಹರಣೆಯೂ ಅಲ್ಲಿದೆ. ಸಿಸೆರೊನ ತೀರ್ಪಿನ ತಾತ್ಪರ್ಯ ಇಷ್ಟು: ನಿನಗೆ ಗೊತ್ತಿರುವ ಎಲ್ಲವನ್ನೂ ಎಲ್ಲರಿಗೂ ಹೇಳಬೇಕಾಗಿಲ್ಲ. ಆದರೆ ತಿಳಿದರೆ ಯಾರಿಗೆ ಹಿತವೋ ಅವರೇ ತಿಳಿಯದಿರಲಿ ಎಂದು ನಿನ್ನ ಲಾಭಕ್ಕಾಗಿ ನೀನು ಬಯಸಿದರೆ, ಅದು ಮುಚ್ಚಿಡುವುದೇ.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯೊಲಾಜಿಕಾ’ದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ಅವರ ಉತ್ತರ ಸಂತೆಯ ವ್ಯವಹಾರ ಬಲ್ಲವರ ಉತ್ತರದಂತಿದೆ. ದೋಷ ಕಣ್ಣಿಗೆ ಕಾಣುವಂಥದ್ದಾದರೆ, ಉದಾಹರಣೆಗೆ ಕುದುರೆಗೆ ಒಂದೇ ಕಣ್ಣಿದ್ದರೆ, ಅದಕ್ಕೆ ತಕ್ಕಂತೆ ಬೆಲೆ ಇಳಿಸಿದ ಮೇಲೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ದೋಷ ಒಳಗಡೆ ಅಡಗಿದ್ದು, ಅದರಿಂದ ಕೊಳ್ಳುವವನಿಗೆ ನಷ್ಟವೋ ಅಪಾಯವೋ ಆಗುವಂತಿದ್ದರೆ ಹೇಳಲೇಬೇಕು. ಹೇಳದೆ ಮಾರಿದರೆ ಆದ ನಷ್ಟವನ್ನು ತುಂಬಿಕೊಡಬೇಕು. ಕುಂಟುವ ಕುದುರೆಯನ್ನು ಓಟದ ಕುದುರೆಯೆಂದು, ಬೀಳುವ ಮನೆಯನ್ನು ಗಟ್ಟಿ ಮನೆಯೆಂದು, ಕೆಟ್ಟ ಆಹಾರವನ್ನು ಒಳ್ಳೆಯದೆಂದು ಮಾರುವುದನ್ನು ಅವರು ಒಂದೇ ಸಾಲಿನಲ್ಲಿ ಇಡುತ್ತಾರೆ. ಹಾಗೆಂದು ತನ್ನ ಸರಕಿನ ದೋಷವನ್ನು ಊರಲ್ಲಿ ಡಂಗುರ ಹೊಡೆಸಬೇಕೆಂದೂ ಅವರು ಹೇಳುವುದಿಲ್ಲ. ಕೊಳ್ಳಲು ಹತ್ತಿರ ಬಂದವನಿಗೆ ಹೇಳಿದರೆ ಸಾಕು. ಅಲ್ಲಿ ಅವನು ಗುಣವನ್ನೂ ದೋಷವನ್ನೂ ತೂಗಿ ನೋಡಬಲ್ಲ.

ಈ ಭೇದ ಕಾರಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಬಾನೆಟ್ಟು, ಮಡ್ಗಾರ್ಡುಗಳ ಮೇಲಿನ ತಗ್ಗು ನೋಟದ ದೋಷ. ಅಲ್ಲಿ ಪುಟ್ಟಿ ಹೆಚ್ಚಿದ್ದರೆ ಕೊಂಡವರಿಗೆ ಒಂದಿಷ್ಟು ಹಣದ ನಷ್ಟ. ಅದೂ ಸಣ್ಣದೇನಲ್ಲ, ಆದರೆ ತುಂಬಿಕೊಡಬಹುದಾದದ್ದು. ಬಾಗಿಲಿನ ಕೆಳಗಿನ ಪಟ್ಟಿ, ಕಾಲಿಡುವ ನೆಲದ ತಗಡು, ಬಾಗಿಲು ಹಿಡಿದಿರುವ ಕಂಬಗಳು ಹಾಗಲ್ಲ. ಮಾರುತಿ 800ರಂಥ ಕಾರಿಗೆ ಲಾರಿಗಿರುವಂತೆ ಬೇರೆಯಾದ ಚಾಸಿ ಇಲ್ಲ. ಮೈಯ ತಗಡೇ ಅದರ ಎಲುಬು. ಆ ಎಲುಬನ್ನು ತುಕ್ಕು ತಿಂದು, ಮೇಲೆ ಪುಟ್ಟಿಯ ಚರ್ಮ ಹೊದಿಸಿದರೆ, ಡಿಕ್ಕಿಯಾದ ದಿನ ಮಡಚಿಕೊಳ್ಳುವುದು ತಗಡು ಮಾತ್ರವಲ್ಲ. ಭೂತನಾಳ ಕೆರೆ ವಿಜಯಪುರದ ಬಾಯಾರಿಕೆ ತಣಿಸಿದ ಕೆರೆ. ಅಂಥ ಕೆರೆಯ ಏರಿಯಲ್ಲಿ ನೀರು ಜಿನುಗಿದರೆ ಹೊರಗಿನಿಂದ ಸಿಮೆಂಟು ಬಳಿದು ಯಾರಾದರೂ ಸುಮ್ಮನಾಗುತ್ತಾರೆಯೇ? ಇಲ್ಲಿಯೂ ಹಾಗೆಯೇ. ಬೆಲೆ ಇಳಿಸಿದ್ದೇನೆ ಎಂಬ ಸಮಾಧಾನ ಇಂಥ ದೋಷಕ್ಕೆ ಸಾಲದು. ಜೀವದ ಅಪಾಯಕ್ಕೆ ರಿಯಾಯಿತಿ ದರವಿಲ್ಲ. ಒಂದೋ ತಗಡು ಕತ್ತರಿಸಿ ಬೆಸೆಯಿಸಬೇಕು, ಇಲ್ಲವೇ ಬಾಯಿಬಿಟ್ಟು ಹೇಳಿ ಗುಜರಿಯ ಬೆಲೆಗೆ ಕೊಡಬೇಕು.

ನಿಮ್ಮಲ್ಲಿ ಕೆಲವರು ಹೇಳಬಹುದು: “ಇದೆಲ್ಲ ಓದಲು ಚೆಂದ. ಹಳೇ ಗಾಡಿಯ ವ್ಯಾಪಾರದಲ್ಲಿ ಎಲ್ಲರೂ ಮುಚ್ಚಿಡುತ್ತಾರೆ. ಕೊಳ್ಳುವವನಿಗೂ ಅದು ಗೊತ್ತು. ಅದಕ್ಕೇ ಅವನು ಕಡಿಮೆ ಬೆಲೆ ಕೇಳುತ್ತಾನೆ. ನಾನೊಬ್ಬ ನಿಜ ಹೇಳಿದರೆ ನನಗೇ ನಷ್ಟ.” ಈ ಮಾತಿನಲ್ಲಿ ಸತ್ಯವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರದ ಬಗ್ಗೆಯೇ ಒಂದು ಲೇಖನ ಬರೆದರು. ಆ ವಿಚಾರಕ್ಕೆ 2001ರಲ್ಲಿ ಅವರಿಗೆ, ಇನ್ನಿಬ್ಬರ ಜೊತೆ, ನೊಬೆಲ್ ಬಂತು. ಕೆಟ್ಟ ಕಾರನ್ನು ಅಮೆರಿಕದವರು ಆಡುಮಾತಿನಲ್ಲಿ ‘ನಿಂಬೆಹಣ್ಣು’ ಎನ್ನುತ್ತಾರಂತೆ. ನಮ್ಮ ಇಂಡಿಯ ನಿಂಬೆಗೆ ಇದು ಅವಮಾನವೇ ಸರಿ! ಅಕರ್ಲಾಫ್ ತೋರಿಸಿದ್ದು ಇದು: ಗಾಡಿಯ ಗುಟ್ಟು ಮಾರುವವನಿಗೆ ಮಾತ್ರ ಗೊತ್ತಿದ್ದರೆ, ಕೊಳ್ಳುವವನು ಎಲ್ಲ ಗಾಡಿಯನ್ನೂ ಅನುಮಾನದಿಂದ ನೋಡಿ ಬೆಲೆ ಇಳಿಸುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲು ಒಪ್ಪುವುದಿಲ್ಲ, ಹಿಂದೆ ಸರಿಯುತ್ತಾನೆ. ಸಂತೆಯಲ್ಲಿ ಕೆಟ್ಟ ಗಾಡಿಗಳೇ ಉಳಿಯುತ್ತವೆ. ಅಂದರೆ ಎಲ್ಲರೂ ಮುಚ್ಚಿಡುವುದರಿಂದ ನಮ್ಮ ಮುಚ್ಚುಮರೆ ಹಗುರವಾಗುವುದಿಲ್ಲ, ಭಾರವಾಗುತ್ತದೆ. ಮೋಸ ಹೋದವನ ಜೊತೆಗೆ, ಗಾಡಿಯನ್ನು ಪ್ರಾಮಾಣಿಕವಾಗಿ ನೋಡಿಕೊಂಡ ಪಕ್ಕದ ಮನೆಯವನ ಬೆಲೆಯನ್ನೂ ನಾವು ಕದಿಯುತ್ತೇವೆ.

“ನಾನೂ ಹೀಗೇ ಮೋಸ ಹೋಗಿ ಕೊಂಡಿದ್ದೆ” ಎನ್ನುವವರೂ ಇದ್ದಾರೆ. ಅವರ ನೋವು ನಿಜ. ಆದರೆ ಅವರಿಗೆ ಸಾಲ ಕೊಡಬೇಕಾದವನು ಅವರಿಗೆ ಮಾರಿದವನು, ಅವರಿಂದ ಕೊಳ್ಳುವವನಲ್ಲ. ಇನ್ನು ಕೆಲವರು “ನಾನು ಬಡವ, ಹತ್ತು ಹದಿನೈದು ಸಾವಿರ ಬಿಟ್ಟುಕೊಡಲೇ?” ಎನ್ನುತ್ತಾರೆ. ಈ ಮಾತನ್ನು ನಾವು ಗೌರವದಿಂದ ಕೇಳಬೇಕು, ಏಕೆಂದರೆ ಹೊಟ್ಟೆ ತುಂಬಿದವರು ಪ್ರಾಮಾಣಿಕತೆಯ ಉಪದೇಶ ಮಾಡುವುದು ಸುಲಭ. ಆದರೂ ಒಂದು ಮಾತು. ಗಾಡಿ ಹಳೆಯದಾದಂತೆ ಅದು ಮೆಟ್ಟಿಲಿಳಿಯುತ್ತಾ ಹೋಗುತ್ತದೆ. ಇಪ್ಪತ್ತು ವರ್ಷದ ಕಾರನ್ನು ಕೊಳ್ಳಲು ಬರುವವನು ಬಹುಮಟ್ಟಿಗೆ ಮಾರುವವನಿಗಿಂತ ಒಂದು ಮೆಟ್ಟಿಲು ಕೆಳಗಿರುವವನೇ. ಮೇಲಿನವರೆಲ್ಲ ಮುಚ್ಚಿ ಕಳಿಸಿದ ತುಕ್ಕು ಕೊನೆಗೆ ಬಂದು ನಿಲ್ಲುವುದು ಕಟ್ಟಕಡೆಯ ಬಡವನ ಅಂಗಳದಲ್ಲಿ. ಹದಿನೈದು ವರ್ಷ ತುಂಬಿ, ಗಾಡಿಯನ್ನು ಪಾಸಿಂಗಿಗೆ ಒಯ್ದಾಗ ಆತನಿಗೆ ನಿಜ ಗೊತ್ತಾಗುತ್ತದೆ. ಇಲ್ಲವೇ ರಸ್ತೆಯಲ್ಲಿ.

ಹಾಗಾದರೆ ಮಿಸ್ತ್ರಿಯ ಪಾಲೇನು? ಆತನಿಗೂ ಮನೆಯಿದೆ, ಮಕ್ಕಳಿದ್ದಾರೆ. ತಾನು ಒಲ್ಲೆನೆಂದರೆ ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋಗುತ್ತಾನೆ. ಬಾನೆಟ್ಟಿನ ಮೇಲೆ ಹೇಳಿದಷ್ಟು ಪುಟ್ಟಿ ಹಚ್ಚಿದ್ದಕ್ಕೆ ಆತನನ್ನು ದೂರುವುದು ನ್ಯಾಯವಲ್ಲ. ಮಾರುವಾಗ ಏನು ಹೇಳುತ್ತೇವೆ ಎಂಬುದು ಆತನ ಕೈಯಲ್ಲಿಲ್ಲ. ಆದರೆ ಎಲುಬೇ ತುಕ್ಕು ಹಿಡಿದದ್ದನ್ನು ಕಣ್ಣಾರೆ ಕಂಡವನು ಆತ. ಕಾಯಕವನ್ನು ಎತ್ತಿ ಹಿಡಿದ ಬಸವಣ್ಣನವರ ಬಾಗೇವಾಡಿ ಇರುವುದು ಇದೇ ಜಿಲ್ಲೆಯಲ್ಲಿ. “ಇದನ್ನು ಮುಚ್ಚಬಾರದು ಸಾಹೇಬ್ರ, ಬೆಸಿಗಿ ಹಾಕೂಣು” ಎಂದು ಒಂದು ಮಾತು ಹೇಳುವ ಮಿಸ್ತ್ರಿ ತನ್ನ ಕಾಯಕಕ್ಕೆ ಮರ್ಯಾದೆ ತರುತ್ತಾನೆ. ಅಂಥವನ ಕೂಲಿಯಲ್ಲಿ ಚೌಕಾಸಿ ಮಾಡದಿರುವುದು ನಮ್ಮ ಮರ್ಯಾದೆ. ಅಗ್ಗದ ಕೆಲಸವನ್ನೇ ಕೇಳಿ ಕೇಳಿ, ಆಮೇಲೆ ಕೆಲಸಗಾರರು ಕೆಟ್ಟರು ಎನ್ನುವುದು ಯಾವ ನ್ಯಾಯ?

ಪ್ರಾಮಾಣಿಕ ದುರಸ್ತಿ ಎಂದರೆ ಗಾಯವನ್ನು ಎದ್ದು ಕಾಣುವಂತೆ ಬಿಡುವುದು ಎಂದಲ್ಲ. ಹಳೆಯ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ವೆನಿಸ್ ನಗರದಲ್ಲಿ ತಜ್ಞರು ಸೇರಿ ಒಂದು ಸನದು ಬರೆದರು. ಕಳೆದುಹೋದ ಭಾಗಕ್ಕೆ ಹೊಸದನ್ನು ಸೇರಿಸುವಾಗ ಅದು ಇಡೀ ಕಟ್ಟಡಕ್ಕೆ ಹೊಂದಿಕೊಳ್ಳಬೇಕು, ಆದರೆ ಹಳೆಯದು ಯಾವುದು ಹೊಸದು ಯಾವುದು ಎಂದು ಗುರುತಿಸಲು ಬರಬೇಕು ಎಂದು ಅದರಲ್ಲಿದೆ. ಗೋಳಗುಮ್ಮಟದ ನೆರಳಿನಲ್ಲಿ ಬಾಳುವ ನಮಗೆ ಈ ಮಾತು ಸುಲಭವಾಗಿ ತಿಳಿಯಬೇಕು. ಚೆಂದವೂ ಬೇಕು, ಸತ್ಯವೂ ಬೇಕು, ಎರಡಕ್ಕೂ ಜಗಳವಿಲ್ಲ. ಕಾರಿನ ವಿಷಯದಲ್ಲಿ ಇದನ್ನು ಪಾಲಿಸುವುದು ಇಂದು ಬಹಳ ಸುಲಭ. ಪುಟ್ಟಿ ಹಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿಡಿ. ಗ್ಯಾರೇಜಿನ ಚೀಟಿಗಳನ್ನು ಒಂದು ಲಕೋಟೆಯಲ್ಲಿ ಹಾಕಿಡಿ. ಮಾರುವಾಗ ಕೀಲಿಕೈಯ ಜೊತೆ ಅದನ್ನೂ ಕೊಡಿ. ಕೊಳ್ಳುವವರಿಗೂ ಒಂದು ಉಪಾಯ: ಸಣ್ಣ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಗಾಡಿಯ ಮೈಮೇಲೆ ಆಡಿಸಿ. ಉಕ್ಕಿಗೆ ಅದು ಗಟ್ಟಿಯಾಗಿ ಅಂಟುತ್ತದೆ. ದಪ್ಪ ಪುಟ್ಟಿಯಿದ್ದ ಕಡೆ ಜಾರಿ ಬೀಳುತ್ತದೆ. ಬಾಗಿಲಿನ ಕೆಳಪಟ್ಟಿಯಲ್ಲಿ ಆಡಿಸುವುದನ್ನು ಮರೆಯಬೇಡಿ.

ಇದು ಕುಟುಂಬದ ಪುಟವಾದ್ದರಿಂದ ಇನ್ನೊಂದು ಮಾತು ಹೇಳದೆ ಇರಲಾರೆ. “ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು” ಎಂಬ ಗಾದೆಯನ್ನು ನಗುನಗುತ್ತಾ ಹೇಳುವ ಜನ ನಾವು. ಹುಡುಗನ ಕುಡಿತ, ಹುಡುಗಿಯ ಕಾಯಿಲೆ, ಮನೆಯ ಸಾಲ, ಎಲ್ಲಕ್ಕೂ ಒಂದೊಂದು ಕೈ ಪುಟ್ಟಿ. ಮದುವೆಯ ಚಪ್ಪರದಲ್ಲಿ ಎಲ್ಲ ಹೊಳೆಯುತ್ತದೆ. ಗುಳ್ಳೆ ಏಳುವುದು ಆಮೇಲೆ, ಎರಡು ಮನೆಯವರು ಒಬ್ಬರ ಮುಖ ಒಬ್ಬರು ನೋಡದಂತಾದಾಗ. ಮನೆಯೊಳಗಿನ ಪೆಟ್ಟುಗಳೂ ಹಾಗೆಯೇ. ಗಂಡ ಹೆಂಡಿರ, ಅಣ್ಣ ತಮ್ಮಂದಿರ ನಡುವೆ ಆದ ತಗ್ಗನ್ನು ಹಬ್ಬದ ದಿನದ ಹೊಸ ಸೀರೆಯಿಂದ, ಒಂದು ಡಬ್ಬಿ ಪೇಡೆಯಿಂದ ತುಂಬಿಬಿಡುತ್ತೇವೆ. ಹಿಂದಕ್ಕೆ ಹೋಗಿ, ಪೆಟ್ಟು ಬಂದ ದಾರಿಯಲ್ಲೇ ಮೆಲ್ಲಗೆ ನಡೆದು ನೋಡುವ ತಾಳ್ಮೆ ನಮಗಿಲ್ಲ. ಆ ಕೆಲಸಕ್ಕೆ ಸುತ್ತಿಗೆಯ ಪೆಟ್ಟೂ ಬೇಕು, ಬೆಂಕಿಯೂ ಬೇಕು, ಒದ್ದೆ ಬಟ್ಟೆಯ ತಂಪೂ ಬೇಕು.

ಇಲ್ಲಿಯೂ ಸಿಸೆರೊ ಎಳೆದ ಗೆರೆ ನೆನಪಿರಲಿ. ನಮ್ಮ ಪ್ರತಿಯೊಂದು ಗಾಯವನ್ನೂ ದಾರಿಹೋಕರಿಗೆಲ್ಲ ತೋರಿಸಬೇಕಾಗಿಲ್ಲ. ಗಾಡಿ ಕೊಳ್ಳದವನಿಗೆ ಅದರ ತುಕ್ಕಿನ ಲೆಕ್ಕ ಕೇಳುವ ಹಕ್ಕಿಲ್ಲ. ನಮ್ಮನ್ನು ನಂಬಿ ನಮ್ಮೊಡನೆ ಬದುಕನ್ನು ಜೋಡಿಸಿಕೊಳ್ಳುವವರಿಗೆ, ನಮ್ಮ ಮಾತಿನ ಮೇಲೆ ತಮ್ಮ ಹಣವನ್ನೋ ಜೀವವನ್ನೋ ಇಡುವವರಿಗೆ ಮಾತ್ರ ಆ ಹಕ್ಕಿದೆ.

ಆದ್ದರಿಂದ, ಪ್ರಿಯ ಓದುಗರೇ, ಹಳೆಯದನ್ನು ಮಾರುವ ದಿನ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ನಾನು ಬಲ್ಲದ್ದನ್ನು ಇವರೂ ಬಲ್ಲರೇ? ಬಲ್ಲವರಾಗಿದ್ದರೆ ಇದೇ ಬೆಲೆ ಕೊಡುತ್ತಿದ್ದರೇ? ಬಲ್ಲವರಾಗಿದ್ದರೆ ತಮ್ಮ ಮಕ್ಕಳನ್ನು ಇದರಲ್ಲಿ ಕೂರಿಸುತ್ತಿದ್ದರೇ? ಮೂರಕ್ಕೂ ಹೌದು ಎಂದು ಬಂದರೆ ಹಣ ಎಣಿಸಿಕೊಳ್ಳಿ. ಒಂದಕ್ಕಾದರೂ ಇಲ್ಲ ಎಂದು ಬಂದರೆ, ಬಾಯಿಬಿಟ್ಟು ಹೇಳಬೇಕಾದ ಮಾತು ಇನ್ನೂ ಬಾಕಿಯಿದೆ. ಆ ಮಾತಿಗೆ ಕೆಲವು ಸಾವಿರ ರೂಪಾಯಿ ಖರ್ಚಾದೀತು. ಗಾಡಿ ಹೋದ ಮೇಲೂ ಅದನ್ನು ಕೊಂಡವರು ಸಂತೆಯಲ್ಲಿ ಎದುರಾದರೆ ನಿಂತು ಮಾತಾಡಿಸುವ ಧೈರ್ಯ ನಮಗೆ ಉಳಿಯುತ್ತದೆ. ಆ ಧೈರ್ಯದ ಬೆಲೆ ಇದಕ್ಕಿಂತ ಹೆಚ್ಚು.